ಆಟೋಕ್ಯಾಡ್‌ನಲ್ಲಿ ಪಾರದರ್ಶಕತೆ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಲೇಯರ್‌ಗೆ (ಡ್ರಾಯಿಂಗ್‌ನ ಪದರಕ್ಕೆ) ಪಾರದರ್ಶಕತೆ 70 ಕೊಟ್ಟಾಗಿದೆ, ಆದರೂ ಹ್ಯಾಚ್ (ಆಕಾರದೊಳಗೆ ತುಂಬಿದ ಬಣ್ಣ) ಗಟ್ಟಿಯಾಗಿಯೇ ಕೂತಿದೆ. ಇಲ್ಲವೇ ಸ್ಕ್ರೀನ್ ಮೇಲೆ ಎಲ್ಲ ಸರಿಯಿದೆ, ಪಿಡಿಎಫ್ ತೆಗೆದರೆ ಅಳತೆಗಳೆಲ್ಲ ಬಣ್ಣದಡಿ ಮುಚ್ಚಿಹೋಗಿವೆ. ಈ ಎರಡು ದೂರುಗಳ ಮೂಲ ಒಂದೇ ಅಲ್ಲ. ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆದ ಆಟೋಕ್ಯಾಡ್‌ನಲ್ಲಿ ಪಾರದರ್ಶಕತೆಯನ್ನು ಒಂದೇ ಕಡೆ ತೀರ್ಮಾನಿಸುವುದಿಲ್ಲ. ಮೊದಲು ಆಬ್ಜೆಕ್ಟ್‌ನ ಸ್ವಂತ ಬೆಲೆಯನ್ನು, ಅಂದರೆ ಅದಕ್ಕೆ ಕೊಟ್ಟ ಅಂಕಿಯನ್ನು, ನೋಡುತ್ತದೆ. ಅಲ್ಲಿ 'ಬೈಲೇಯರ್' (ಲೇಯರ್‌ನಂತೆ) ಇದ್ದರೆ ಲೇಯರ್‌ನ ಬೆಲೆ. ಆ ಲೇಯರ್‌ಗೆ ಯಾವುದಾದರೂ ವ್ಯೂಪೋರ್ಟ್‌ನಲ್ಲಿ (ಲೇಔಟ್ ಎಂಬ ಪ್ರಿಂಟ್ ಹಾಳೆಯಲ್ಲಿ ಡ್ರಾಯಿಂಗ್ ತೋರಿಸುವ ಕಿಟಕಿಯಲ್ಲಿ) ಬೇರೆ ಬೆಲೆ ಕೊಟ್ಟಿದ್ದರೆ ಅದೇ ಗೆಲ್ಲುತ್ತದೆ. ಇಷ್ಟಾದ ಮೇಲೂ ಸ್ಕ್ರೀನ್‌ಗೆ ಒಂದು ಸ್ವಿಚ್, ಪ್ರಿಂಟ್‌ಗೆ ಇನ್ನೊಂದು ಸ್ವಿಚ್. ಸ್ಕ್ರೀನ್‌ನದು ಆನ್ ಇದ್ದರೆ ಪ್ರಿಂಟ್‌ನದೂ ಆನ್ ಇರುತ್ತದೆ ಎಂದುಕೊಳ್ಳಬೇಡಿ.

ಈ ಸೌಲಭ್ಯ ಬಂದದ್ದು ಆಟೋಕ್ಯಾಡ್ 2011ರಲ್ಲಿ. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಫೈಲ್ ತೆರೆದವರಿಗೆ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ; ಅದನ್ನು ದೋಷ ಎನ್ನಲಾಗದು.

ಅಂಕಿಯ ಲೆಕ್ಕ: 0 ಅಂದರೆ ಪೂರ್ತಿ ಗಟ್ಟಿ, 90 ಅಂದರೆ ಅತಿ ತೆಳು. 90ಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ. ಫೋಟೋ ಸಾಫ್ಟ್‌ವೇರ್ ಬಳಸಿ ರೂಢಿಯಾದವರು ಇದನ್ನು ತಲೆಕೆಳಗಾಗಿ ಓದುತ್ತಾರೆ. ಅಲ್ಲಿನ ಒಪಾಸಿಟಿ 30 ಇಲ್ಲಿನ 70ಕ್ಕೆ ಸಮ.

ಕಮಾಂಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಹೊಡೆಯಿರಿ. ಕಮಾಂಡ್ ಲೈನ್‌ನಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಎಂಟರ್ ಒತ್ತಿದ ಹಾಗೆ.

## ಮೊದಲು ಒಂದು ಖಾಲಿ ಫೈಲ್

ಹೊಸ ಡ್ರಾಯಿಂಗ್ ತೆರೆದು ಒಂದು ಗೆರೆ ಎಳೆಯಿರಿ. ಅದರ ಮೇಲೆ ಹಾಯುವಂತೆ ಒಂದು ಚೌಕ ಹಾಕಿ, ಒಳಗೆ ಸಾಲಿಡ್ ಹ್ಯಾಚ್ ತುಂಬಿ. ಹ್ಯಾಚನ್ನು ಬೇರೆ ಲೇಯರ್‌ಗೆ ಹಾಕಿ, ಆ ಲೇಯರ್‌ಗೆ 50 ಕೊಡಿ. ಗೆರೆ ಹ್ಯಾಚ್ ಮೂಲಕ ಕಂಡರೆ ಪ್ರೋಗ್ರಾಂ ಮತ್ತು ಕಂಪ್ಯೂಟರ್ ಚೆನ್ನಾಗಿವೆ, ತೊಂದರೆ ನಿಮ್ಮ ಡ್ರಾಯಿಂಗ್‌ನೊಳಗೆ ಇದೆ. ಇಲ್ಲೂ ಕಾಣದಿದ್ದರೆ ಡ್ರಾಯಿಂಗ್ ಕೆದಕುವುದು ವ್ಯರ್ಥ, ಸೆಟ್ಟಿಂಗ್ ನೋಡಿ. ಎರಡು ನಿಮಿಷದ ಈ ಕೆಲಸ ಬಿಟ್ಟು ನೇರವಾಗಿ ಗ್ರಾಫಿಕ್ಸ್ ಡ್ರೈವರ್‌ಗೆ ಕೈಹಾಕುವವರೇ ಹೆಚ್ಚು.

## ಲಕ್ಷಣ: ಸ್ಕ್ರೀನ್ ಮೇಲೆ ಯಾವುದೂ ಪಾರದರ್ಶಕವಾಗಿ ಕಾಣುತ್ತಿಲ್ಲ

ಕಮಾಂಡ್ ಲೈನ್‌ನಲ್ಲಿ 'ಟ್ರಾನ್ಸ್‌ಪರೆನ್ಸಿಡಿಸ್ಪ್ಲೇ' ಹೊಡೆಯಿರಿ. ಬೆಲೆ 0 ಇದ್ದರೆ 1 ಮಾಡಿ. ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಇದೇ ಕೆಲಸಕ್ಕೆ ಒಂದು ಬಟನ್ ಇದೆ. ಅದು ಕಾಣದಿದ್ದರೆ ಬಲತುದಿಯ ಮೂರು ಗೆರೆಯ ಗುರುತನ್ನು ಒತ್ತಿ, ಪಟ್ಟಿಯಲ್ಲಿ ಟ್ರಾನ್ಸ್‌ಪರೆನ್ಸಿಗೆ ಟಿಕ್ ಹಾಕಿ. ಭಾರದ ಡ್ರಾಯಿಂಗ್‌ನಲ್ಲಿ ವೇಗ ಸಿಗಲಿ ಎಂದು ಇದನ್ನು ಆಫ್ ಮಾಡಿ ಮರೆಯುವುದು ಮಾಮೂಲು.

ಬರೀ 'ಟ್ರಾನ್ಸ್‌ಪರೆನ್ಸಿ' ಎಂದು ಹೊಡೆದು, ಅದು ಇಮೇಜ್ ಆರಿಸು ಎಂದು ಕೇಳಿದಾಗ ಗೊಂದಲಗೊಳ್ಳುವವರೂ ಇದ್ದಾರೆ. ಆ ಕಮಾಂಡ್ ಅಟ್ಯಾಚ್ ಮಾಡಿದ ರಾಸ್ಟರ್ (ಚುಕ್ಕೆಗಳಿಂದಾದ) ಚಿತ್ರಗಳಿಗೆ ಮಾತ್ರ. ಲೇಯರ್‌ಗೂ ಹ್ಯಾಚ್‌ಗೂ ಅದಕ್ಕೂ ಸಂಬಂಧವಿಲ್ಲ.

ಸ್ವಿಚ್ ಆನ್ ಇದ್ದೂ ಬದಲಾವಣೆ ಕಾಣದಿದ್ದರೆ 'ರೀಜೆನ್‌ಆಲ್' ಕೊಡಿ. ಹ್ಯಾಚ್‌ನ ತುಂಬುವಿಕೆಯೇ ಕಾಣೆಯಾಗಿದ್ದರೆ ಅದು ಬೇರೆ ಕಥೆ: 'ಫಿಲ್‌ಮೋಡ್' 0 ಆಗಿರುತ್ತದೆ. 1 ಮಾಡಿ ರೀಜೆನ್ ಕೊಡಿ.

ಹ್ಯಾಚ್ ತೆಳುವಾಗಿದೆ, ಆದರೆ ಅದರಡಿಯ ಅಕ್ಷರಗಳು ಮಂಕಾಗಿವೆ ಎಂಬುದು ಡ್ರಾ ಆರ್ಡರ್ ತೊಂದರೆ. ಪಾರದರ್ಶಕ ಹ್ಯಾಚ್ ಮೇಲಿದ್ದಾಗ ಅಡಿಯ ಗೆರೆಗೂ ಅದರ ಬಣ್ಣ ಬಳಿದುಕೊಳ್ಳುತ್ತದೆ. 'ಹ್ಯಾಚ್‌ಟುಬ್ಯಾಕ್' ಕೊಟ್ಟರೆ ಹ್ಯಾಚ್‌ಗಳು ಎಲ್ಲದರ ಹಿಂದೆ ಹೋಗುತ್ತವೆ, 'ಟೆಕ್ಸ್ಟ್‌ಟುಫ್ರಂಟ್' ಅಕ್ಷರ ಮತ್ತು ಅಳತೆಗಳನ್ನು ಮುಂದೆ ತರುತ್ತದೆ. ಪಾರದರ್ಶಕತೆಯ ಅಂಕಿಯನ್ನು 80, 85 ಎಂದು ಏರಿಸುತ್ತಾ ಹೋಗುವ ಮೊದಲು ಇದನ್ನು ಮಾಡಿ.

## ಲಕ್ಷಣ: ಲೇಯರ್ ಬೆಲೆ ಬದಲಿಸಿದರೆ ಕೆಲವು ಮಾತ್ರ ಬದಲಾಗುತ್ತವೆ, ಉಳಿದವು ಜಗ್ಗುವುದಿಲ್ಲ

ಜಗ್ಗದ ಒಂದು ಆಬ್ಜೆಕ್ಟ್ ಆರಿಸಿ, ಕಂಟ್ರೋಲ್ ಮತ್ತು 1 ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಟ್ರಾನ್ಸ್‌ಪರೆನ್ಸಿ ಸಾಲಿನಲ್ಲಿ ಬೈಲೇಯರ್ ಬದಲು 0 ಅಥವಾ ಬೇರೆ ಅಂಕಿ ಇದ್ದರೆ ಕಾರಣ ಸಿಕ್ಕಿತು. ಆಬ್ಜೆಕ್ಟ್‌ಗೆ ಸ್ವಂತ ಬೆಲೆ ಇರುವಾಗ ಅದು ಲೇಯರ್‌ನ ಮಾತು ಕೇಳುವುದಿಲ್ಲ. ಇಲ್ಲಿ ಕಾಣುವ 0 ಬಹಳ ಜನರನ್ನು ಮೋಸಗೊಳಿಸುತ್ತದೆ. ಅದು 'ಏನೂ ಕೊಟ್ಟಿಲ್ಲ' ಎಂಬ ಅರ್ಥದ್ದಲ್ಲ, 'ಗಟ್ಟಿಯಾಗಿಯೇ ಇರು' ಎಂಬ ಸ್ಪಷ್ಟ ಆಜ್ಞೆ.

ಒಂದೆರಡು ಇದ್ದರೆ ಅಲ್ಲೇ ಬೈಲೇಯರ್ ಮಾಡಿ. ನೂರಾರು ಇದ್ದರೆ 'ಕ್ಯೂಸೆಲೆಕ್ಟ್' ಕೊಟ್ಟು, ಪ್ರಾಪರ್ಟಿ ಟ್ರಾನ್ಸ್‌ಪರೆನ್ಸಿ, ಆಪರೇಟರ್ 'ಸಮವಲ್ಲ', ಬೆಲೆ ಬೈಲೇಯರ್ ಎಂದು ಆರಿಸಿ. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಿಸಬಹುದು.

ಸರಿ ಮಾಡಿದ ಮೇಲೂ ಹೊಸದಾಗಿ ಹಾಕುವ ಹ್ಯಾಚ್‌ಗಳು ಮತ್ತೆ ಹಾಗೇ ಬರುತ್ತಿದ್ದರೆ ಬೇರು ಎರಡು ಕಡೆ ಇರಬಹುದು. 'ಸಿಇಟ್ರಾನ್ಸ್‌ಪರೆನ್ಸಿ' ಎಂಬುದು ಮುಂದೆ ಎಳೆಯುವ ಎಲ್ಲ ಆಬ್ಜೆಕ್ಟ್‌ಗಳ ಬೆಲೆ. 'ಎಚ್‌ಪಿಟ್ರಾನ್ಸ್‌ಪರೆನ್ಸಿ' ಹ್ಯಾಚ್ ಮತ್ತು ಫಿಲ್‌ಗಳಿಗೆ ಮಾತ್ರ ಅನ್ವಯಿಸುವ ಬೆಲೆ. ಹ್ಯಾಚ್ ರಿಬ್ಬನ್‌ನ ಸ್ಲೈಡರ್ ಒಮ್ಮೆ ಎಳೆದರೆ ಎರಡನೆಯದು ಬದಲಾಗುತ್ತದೆ. ಎರಡನ್ನೂ ಬೈಲೇಯರ್‌ಗೆ ತನ್ನಿ. ಸ್ಲೈಡರ್ ಕೈಗೆ ಹತ್ತಿರ, ಸರಿ. ಆದರೆ ಇಡೀ ಡ್ರಾಯಿಂಗ್‌ನ ಶಿಸ್ತು ಕೆಡುವುದು ಅಲ್ಲಿಂದಲೇ. ಒಂದಕ್ಕಿಂತ ಹೆಚ್ಚು ಜನ ಕೈಯಾಡಿಸುವ ಫೈಲ್‌ನಲ್ಲಿ ಪಾರದರ್ಶಕತೆ ಲೇಯರ್‌ನಲ್ಲೇ ಇರಲಿ.

ಮ್ಯಾಚ್‌ಪ್ರಾಪ್ (ಒಂದು ಆಬ್ಜೆಕ್ಟ್‌ನ ಗುಣಗಳನ್ನು ಇನ್ನೊಂದಕ್ಕೆ ನಕಲಿಸುವ ಕಮಾಂಡ್) ಬಳಸಿದ ಮೇಲೆ ತೊಂದರೆ ಶುರುವಾಗಿದ್ದರೆ ಅದರ ಸೆಟ್ಟಿಂಗ್ಸ್ ನೋಡಿ. ಅಲ್ಲಿ ಟ್ರಾನ್ಸ್‌ಪರೆನ್ಸಿಗೂ ಟಿಕ್ ಇದೆ, ಬಣ್ಣದ ಜೊತೆ ಅದೂ ಅಂಟಿಕೊಂಡು ಬರುತ್ತದೆ.

## ಲಕ್ಷಣ: ಬ್ಲಾಕ್ ಒಳಗಿನದು ಬದಲಾಗುತ್ತಿಲ್ಲ

ಬ್ಲಾಕ್ ಅಂದರೆ ಒಂದೇ ಹೆಸರಿನಡಿ ಕಟ್ಟಿಟ್ಟ ಆಬ್ಜೆಕ್ಟ್‌ಗಳ ಗುಂಪು. ಅದರ ಒಳಗಿರುವ ಪ್ರತಿ ಆಬ್ಜೆಕ್ಟ್‌ಗೂ ತನ್ನದೇ ಬೆಲೆ ಇರುತ್ತದೆ. ಒಳಗೆ 'ಬೈಬ್ಲಾಕ್' ಇದ್ದರೆ ಮಾತ್ರ ಹೊರಗಿನ ಬ್ಲಾಕ್‌ಗೆ ನೀವು ಕೊಟ್ಟ ಅಂಕಿ ಒಳಕ್ಕೆ ಇಳಿಯುತ್ತದೆ. ಒಳಗೆ ಬೈಲೇಯರ್ ಇದ್ದರೆ ಆ ಒಳಗಿನ ಲೇಯರ್‌ನ ಬೆಲೆ ಬರುತ್ತದೆ. ಆ ಲೇಯರ್‌ನ ಹೆಸರೇ '0' ಆಗಿದ್ದರೆ ಬ್ಲಾಕ್ ಕೂತಿರುವ ಲೇಯರ್‌ನದು. ಒಳಗೆ ನೇರ ಅಂಕಿ ಇದ್ದರೆ ಹೊರಗೆ ಏನು ಮಾಡಿದರೂ ಪ್ರಯೋಜನವಿಲ್ಲ. 'ಬಿಎಡಿಟ್' ಮೂಲಕ ಒಳಹೊಕ್ಕು ಬದಲಿಸಬೇಕು.

ಅಂಥ ಬ್ಲಾಕ್‌ಗಳು ಬಹಳ ಇದ್ದರೆ 'ಸೆಟ್‌ಬೈಲೇಯರ್' ಇದೆ. ಆದರೆ ಹುಷಾರು. ಮೂಲ ಸ್ಥಿತಿಯಲ್ಲಿ ಅದರ ಮೋಡ್ ಬೆಲೆ 255, ಅಂದರೆ ಬಣ್ಣ, ಲೈನ್‌ಟೈಪ್, ಲೈನ್‌ವೇಟ್, ಮಟೀರಿಯಲ್, ಪ್ಲಾಟ್ ಸ್ಟೈಲ್, ಪಾರದರ್ಶಕತೆ ಎಲ್ಲವನ್ನೂ ಬೈಲೇಯರ್ ಮಾಡಿಬಿಡುತ್ತದೆ. ನಿಮಗೆ ಬೇಕಿದ್ದದ್ದು ಪಾರದರ್ಶಕತೆ ಒಂದೇ. ಕಮಾಂಡ್ ಕೊಟ್ಟ ಕೂಡಲೇ ಸೆಟ್ಟಿಂಗ್ಸ್ ಆಯ್ಕೆಗೆ ಹೋಗಿ ಉಳಿದ ಟಿಕ್‌ಗಳನ್ನು ತೆಗೆಯಿರಿ. 'ಸೆಟ್‌ಬೈಲೇಯರ್‌ಮೋಡ್' ಬೆಲೆಯಾಗಿ ಕೊಡುವುದಾದರೆ ಪಾರದರ್ಶಕತೆಗೆ 128, ಬ್ಲಾಕ್‌ಗಳನ್ನೂ ಸೇರಿಸಲು 64, ಒಟ್ಟು 192. ಬ್ಲಾಕ್ ಸೇರಿಸಿದರೆ ಅದರ ಮೂಲ ವ್ಯಾಖ್ಯೆಯೇ ಬದಲಾಗುತ್ತದೆ, ಆ ಡ್ರಾಯಿಂಗ್‌ನಲ್ಲಿರುವ ಅದರ ಎಲ್ಲ ಪ್ರತಿಗಳಿಗೂ ಅದು ತಗಲುತ್ತದೆ. ಬೇರೆ ಹೆಸರಿನಲ್ಲಿ ಒಂದು ಪ್ರತಿ ಉಳಿಸಿಕೊಳ್ಳದೆ ಈ ಕಮಾಂಡ್ ಓಡಿಸಬೇಡಿ.

## ಲಕ್ಷಣ: ಎಕ್ಸ್‌ರೆಫ್ ಲೇಯರ್‌ಗೆ ಕೊಟ್ಟ ಬೆಲೆ ಫೈಲ್ ಮತ್ತೆ ತೆರೆದಾಗ ಹೋಗಿರುತ್ತದೆ

ಎಕ್ಸ್‌ರೆಫ್ ಅಂದರೆ ನಿಮ್ಮ ಡ್ರಾಯಿಂಗ್‌ಗೆ ಹೊರಗಿನಿಂದ ಜೋಡಿಸಿದ ಇನ್ನೊಂದು ಡ್ರಾಯಿಂಗ್ ಫೈಲ್. ಇಲ್ಲಿ 'ವಿಸ್‌ರಿಟೇನ್' 0 ಇದೆ. 1 ಮಾಡಿದರೆ ಎಕ್ಸ್‌ರೆಫ್ ಲೇಯರ್‌ಗಳಲ್ಲಿ ನೀವು ಮಾಡಿದ ಬದಲಾವಣೆ ನಿಮ್ಮ ಫೈಲ್‌ನಲ್ಲಿ ಉಳಿಯುತ್ತದೆ. ಲೇಯರ್ ಬದಲಿಸಿದರೂ ಎಕ್ಸ್‌ರೆಫ್‌ನ ಕೆಲವು ಆಬ್ಜೆಕ್ಟ್ ಕೇಳದಿದ್ದರೆ ಅವುಗಳಿಗೆ ಮೂಲ ಫೈಲ್‌ನಲ್ಲಿ ಸ್ವಂತ ಬೆಲೆ ಇದೆ. ಈಚಿನ ಆವೃತ್ತಿಗಳಲ್ಲಿ 'ಎಕ್ಸ್‌ರೆಫ್‌ಓವರ್‌ರೈಡ್' ಅನ್ನು 1 ಮಾಡಿದರೆ ಎಕ್ಸ್‌ರೆಫ್‌ನ ಎಲ್ಲವನ್ನೂ ಬೈಲೇಯರ್ ಎಂದೇ ಪರಿಗಣಿಸುತ್ತದೆ. ಹಳೆಯದರಲ್ಲಿ ಮೂಲ ಫೈಲ್ ತಿದ್ದುವುದೇ ದಾರಿ. ಆ ಫೈಲ್ ಬೇರೆಯವರದ್ದಾದರೆ ನೀವು ತಿದ್ದಬೇಡಿ, ಅವರಿಗೆ ಹೇಳಿ. ಅವರ ಮುಂದಿನ ಪರಿಷ್ಕರಣೆ ಬಂದ ದಿನ ನಿಮ್ಮ ತಿದ್ದುಪಡಿ ಹೇಗೂ ಅಳಿಸಿಹೋಗುತ್ತದೆ.

## ಲಕ್ಷಣ: ಒಂದು ವ್ಯೂಪೋರ್ಟ್‌ನಲ್ಲಿ ಸರಿ, ಇನ್ನೊಂದರಲ್ಲಿ ಇಲ್ಲ

ಲೇಔಟ್‌ಗೆ ಹೋಗಿ, ತಪ್ಪಾಗಿ ಕಾಣುವ ವ್ಯೂಪೋರ್ಟ್ ಒಳಗೆ ಎರಡು ಬಾರಿ ಕ್ಲಿಕ್ ಮಾಡಿ, ಲೇಯರ್ ಪ್ರಾಪರ್ಟೀಸ್ ತೆರೆಯಿರಿ. ಬಲಕ್ಕೆ ಸರಿದರೆ 'ವಿಪಿ ಟ್ರಾನ್ಸ್‌ಪರೆನ್ಸಿ' ಎಂಬ ಕಾಲಂ ಸಿಗುತ್ತದೆ. ಮಾಡೆಲ್ ಟ್ಯಾಬ್‌ನಲ್ಲಿ ಈ ಕಾಲಂ ಕಾಣುವುದೇ ಇಲ್ಲ, ಎಷ್ಟೋ ಜನ ಅದರ ಇರವನ್ನೇ ಅರಿಯದಿರುವುದಕ್ಕೆ ಅದೇ ಕಾರಣ. ಬೇರೆ ಬೆಲೆ ಕೊಟ್ಟಿರುವ ಲೇಯರ್‌ನ ಸಾಲಿಗೆ ಹಿನ್ನೆಲೆ ಬಣ್ಣ ಬಂದಿರುತ್ತದೆ. ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ವ್ಯೂಪೋರ್ಟ್ ಓವರ್‌ರೈಡ್ ತೆಗೆದುಹಾಕಿ.

ಲೇಯರ್ ಸ್ಟೇಟ್ (ಹೆಸರಿಟ್ಟು ಉಳಿಸಿದ ಲೇಯರ್ ಸೆಟ್ಟಿಂಗ್‌ಗಳು) ಮರಳಿ ತಂದಾಗ ಪಾರದರ್ಶಕತೆ ಮಾತ್ರ ಹಿಂತಿರುಗದಿದ್ದರೆ, ಲೇಯರ್ ಸ್ಟೇಟ್ಸ್ ಮ್ಯಾನೇಜರ್‌ನಲ್ಲಿ ಮೂಲೆಯ ಬಾಣ ಒತ್ತಿ. ಯಾವ ಗುಣಗಳನ್ನು ಮರಳಿಸಬೇಕು ಎಂಬ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಅಲ್ಲಿ ಟಿಕ್ ಹಾಕಿ.

## ಲಕ್ಷಣ: ಯಾವ ಬೆಲೆಯೂ ಕೊಟ್ಟಿಲ್ಲ, ಆದರೂ ಮಸುಕು

ಎಲ್ಲ ಕಡೆ 0 ಇದ್ದೂ ಗೆರೆಗಳು ಮಸುಕಾಗಿದ್ದರೆ ಅದು ಪಾರದರ್ಶಕತೆ ಅಲ್ಲ, ಫೇಡಿಂಗ್. ಮೂರು ಬಗೆ ಇವೆ. ಲಾಕ್ ಆದ ಲೇಯರ್‌ಗಳು 'ಲೇಲಾಕ್‌ಫೇಡ್‌ಸಿಟಿಎಲ್' ಪ್ರಕಾರ ಮಸುಕಾಗುತ್ತವೆ, ಎಕ್ಸ್‌ರೆಫ್‌ಗಳು 'ಎಕ್ಸ್‌ಡಿಡಬ್ಲ್ಯೂಜಿಫೇಡ್‌ಸಿಟಿಎಲ್' ಪ್ರಕಾರ. ಬ್ಲಾಕ್ ಅಥವಾ ಎಕ್ಸ್‌ರೆಫನ್ನು ಇದ್ದಲ್ಲೇ ತಿದ್ದುವಾಗ ಉಳಿದ ಡ್ರಾಯಿಂಗ್ 'ಎಕ್ಸ್‌ಫೇಡ್‌ಸಿಟಿಎಲ್' ಪ್ರಕಾರ ಹಿಂದೆ ಸರಿಯುತ್ತದೆ. ಮೊದಲೆರಡಕ್ಕೆ ಋಣ ಸಂಖ್ಯೆ ಕೊಟ್ಟರೆ, ಉದಾಹರಣೆಗೆ -50, ಬೆಲೆ ನೆನಪಿನಲ್ಲಿ ಉಳಿದು ಮಸುಕು ಮಾತ್ರ ಆಫ್ ಆಗುತ್ತದೆ.

ಈ ಲಾಕ್ ಮತ್ತು ಎಕ್ಸ್‌ರೆಫ್ ಮಸುಕು ಸ್ಕ್ರೀನ್‌ಗೆ ಸೀಮಿತ, ಪ್ರಿಂಟ್‌ಗೆ ಹೋಗುವುದಿಲ್ಲ. ಬೆಲೆಗಳು ಆಯಾ ಕಂಪ್ಯೂಟರ್‌ನಲ್ಲಿ ಉಳಿಯುತ್ತವೆ, ಡ್ರಾಯಿಂಗ್‌ನಲ್ಲಲ್ಲ. 'ನನಗೆ ತೆಳುವಾಗಿ ಕಾಣುತ್ತದೆ, ಪಕ್ಕದವರಿಗೆ ಗಟ್ಟಿ' ಎಂದಾಗ ಮೊದಲ ಅನುಮಾನ ಇವುಗಳ ಮೇಲೇ ಇರಲಿ. ಎಕ್ಸ್‌ರೆಫ್ ಪೇಪರ್ ಮೇಲೂ ತೆಳುವಾಗಿ ಬರಲಿ ಎಂದು ಫೇಡಿಂಗ್ ನಂಬಿ ಕೂತರೆ ಅದು ಪೂರ್ತಿ ಕಪ್ಪಾಗಿಯೇ ಬರುತ್ತದೆ.

## ಲಕ್ಷಣ: ಸ್ಕ್ರೀನ್ ಮೇಲೆ ಪಾರದರ್ಶಕ, ಪ್ರಿಂಟ್‌ನಲ್ಲಿ ಗಟ್ಟಿ

ಹೆಚ್ಚು ಹಾನಿ ಮಾಡುವ ದೋಷ ಇದು. ಅಳತೆ, ಪರಿಷ್ಕರಣೆಯ ಗುರುತು, ಸೂಚನೆಗಳು ಹ್ಯಾಚ್ ಅಡಿ ಮುಚ್ಚಿಹೋದ ಹಾಳೆ ಕೆಲಸದ ಜಾಗಕ್ಕೆ ತಲುಪಿದರೆ, ಅಲ್ಲಿ ಏನೋ ಇತ್ತು ಎಂಬುದೇ ಓದುವವನಿಗೆ ತಿಳಿಯುವುದಿಲ್ಲ.

ಪ್ಲಾಟ್ ಡೈಲಾಗ್‌ನಲ್ಲಿ ಬಲಕ್ಕಿರುವ ಬಾಣ ಒತ್ತಿ ವಿಸ್ತರಿಸಿ. ಪ್ಲಾಟ್ ಆಯ್ಕೆಗಳಲ್ಲಿ 'ಪ್ಲಾಟ್ ಟ್ರಾನ್ಸ್‌ಪರೆನ್ಸಿ' ಎಂಬ ಟಿಕ್ ಇದೆ. ವೇಗದ ಕಾರಣಕ್ಕೆ ಅದು ಮೂಲತಃ ಖಾಲಿಯೇ ಇರುತ್ತದೆ. ಟಿಕ್ ಹಾಕಿ, 'ಅಪ್ಲೈ ಟು ಲೇಔಟ್' ಒತ್ತಿ, ಆಮೇಲೆ ಓಕೆ. ನಡುವಿನ ಹೆಜ್ಜೆ ಬಿಟ್ಟರೆ ಆ ಒಂದು ಪ್ರಿಂಟ್ ಸರಿ ಬರುತ್ತದೆ, ನಾಳೆ ಪಬ್ಲಿಶ್ ಮಾಡಿದಾಗ ಮತ್ತೆ ಹಳೇ ಪಾಡು. ಹಲವು ಹಾಳೆಗಳನ್ನು ಒಟ್ಟಿಗೆ ಪ್ರಿಂಟ್ ಮಾಡುವ ಪಬ್ಲಿಶ್ ಕಮಾಂಡ್ ಪ್ರತಿ ಲೇಔಟ್‌ನ ಪೇಜ್ ಸೆಟಪ್ ಓದುತ್ತದೆ, ನೀವು ಹಿಂದೆ ಕೈಯಾರೆ ಹಾಕಿದ ಟಿಕ್ಕನ್ನಲ್ಲ. ಹತ್ತು ಹಾಳೆಗಳಲ್ಲಿ ಮೂರು ಮಾತ್ರ ಗಟ್ಟಿಯಾಗಿ ಬಂದರೆ ಆ ಮೂರರ ಪೇಜ್ ಸೆಟಪ್ ತೆರೆದು ನೋಡಿ.

ಟಿಕ್ ಇದ್ದೂ ಗಟ್ಟಿ ಬಂದರೆ 'ಪ್ಲಾಟ್‌ಟ್ರಾನ್ಸ್‌ಪರೆನ್ಸಿಓವರ್‌ರೈಡ್' ನೋಡಿ. 0 ಅಂದರೆ ಟಿಕ್ ಏನೇ ಇರಲಿ ಪಾರದರ್ಶಕತೆ ಪ್ರಿಂಟ್ ಆಗದು. 1 ಅಂದರೆ ಪೇಜ್ ಸೆಟಪ್ ಹೇಳಿದಂತೆ. ಇದೇ ಮೂಲ ಬೆಲೆ. 2 ಅಂದರೆ ಯಾವಾಗಲೂ ಪ್ರಿಂಟ್ ಆಗುತ್ತದೆ. ಎಲ್ಲಕ್ಕೂ 2 ಹಾಕಿ ಕೈತೊಳೆದುಕೊಳ್ಳುವ ಆಸೆ ಸಹಜ. ಆದರೆ ಆಗ ಪಾರದರ್ಶಕತೆ ಬೇಡದ ಹಾಳೆಗಳೂ ನಿಧಾನದ ದಾರಿಯಲ್ಲೇ ಹೋಗುತ್ತವೆ. ತುರ್ತಿಗೆ 2 ಬಳಸಿ, ಕೆಲಸ ಮುಗಿದ ಮೇಲೆ 1ಕ್ಕೆ ತನ್ನಿ.

ಮುಚ್ಚಿಹೋಗಿರುವುದು ಲೇಔಟ್‌ನಲ್ಲೇ ಬರೆದ ಟಿಪ್ಪಣಿ ಮಾತ್ರವೇ? ಹಾಗಿದ್ದರೆ ಅದೇ ಆಯ್ಕೆಗಳಲ್ಲಿ 'ಪ್ಲಾಟ್ ಪೇಪರ್‌ಸ್ಪೇಸ್ ಲಾಸ್ಟ್' ಟಿಕ್ ಹಾಕಿ. ಸಾಮಾನ್ಯವಾಗಿ ಪೇಪರ್‌ಸ್ಪೇಸ್ (ಲೇಔಟ್‌ನಲ್ಲೇ ಬರೆದದ್ದು) ಮೊದಲು ಪ್ರಿಂಟ್ ಆಗಿ, ಅದರ ಮೇಲೆ ಮಾಡೆಲ್ ಬೀಳುತ್ತದೆ.

## ಲಕ್ಷಣ: ಪ್ಲಾಟ್ ಮುಗಿಯುತ್ತಲೇ ಇಲ್ಲ, ಪಿಡಿಎಫ್ ಭಾರ, ಗೆರೆ ಒಡೆದಂತೆ

ಪಾರದರ್ಶಕತೆ ಪ್ರಿಂಟ್ ಆಗಬೇಕಾದರೆ ಡ್ರಾಯಿಂಗನ್ನು ರಾಸ್ಟರ್ ಮಾಡಬೇಕಾಗುತ್ತದೆ, ಅಂದರೆ ಗೆರೆಗಳು ಚುಕ್ಕೆಗಳಾಗುತ್ತವೆ. ಎ0 ಹಾಳೆ 841 × 1189 ಮಿಲಿಮೀಟರ್. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಅದು ಸುಮಾರು 19,866 × 28,087 ಚುಕ್ಕೆ, ಒಟ್ಟು ಸುಮಾರು 55.8 ಕೋಟಿ. ಚುಕ್ಕೆಗೆ 3 ಬೈಟ್ ಎಂದರೂ ಫೈಲನ್ನು ಕುಗ್ಗಿಸುವ ಮೊದಲು 1.6 ಜಿಬಿ ದಾಟುತ್ತದೆ. 300 ಡಿಪಿಐಗೆ ಇಳಿಸಿದರೆ ಅದು ಕಾಲು ಭಾಗವಾಗುತ್ತದೆ. ಪ್ರಿಂಟರ್‌ನ ಮೆಮೊರಿ ತುಂಬಿ ಅರ್ಧ ಹಾಳೆ ಮಾತ್ರ ಹೊರಬರುವುದಕ್ಕೂ ಕಾರಣ ಇದೇ ಆಗಿರಬಹುದು.

ಪಿಡಿಎಫ್ ತೆರೆದು 800 ಪರ್ಸೆಂಟ್‌ಗೆ ಜೂಮ್ ಮಾಡಿ. ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿದ್ದರೆ, ಅಕ್ಷರ ಹುಡುಕಿದರೆ ಸಿಗದಿದ್ದರೆ ರಾಸ್ಟರ್ ಆಗಿದೆ. ಅಂಥ ಪಿಡಿಎಫ್ ಮೇಲೆ ಅಳತೆ ತೆಗೆಯುವುದು ಭರವಸೆಯ ಕೆಲಸವಲ್ಲ.

ಸುಲಭದಿಂದ ಶುರುಮಾಡಿ: ಬೇಡದ ಹಾಳೆಗಳಲ್ಲಿ ಟಿಕ್ ತೆಗೆಯಿರಿ. ಬೇಕಾದ ಹಾಳೆಗಳಲ್ಲಿ ಪಿಡಿಎಫ್ ಆಯ್ಕೆಗಳ ಡಿಪಿಐ ಇಳಿಸಿ. ಅದೂ ಸಾಲದಿದ್ದರೆ ಪಾರದರ್ಶಕತೆಯನ್ನೇ ಬಿಟ್ಟು ಸ್ಕ್ರೀನಿಂಗ್ ಬಳಸಿ. ಹ್ಯಾಚ್‌ಗೆಂದೇ 1ರಿಂದ 255ರೊಳಗಿನ ಒಂದು ಬಣ್ಣದ ಸಂಖ್ಯೆ ಮೀಸಲಿಡಿ, ಸಿಟಿಬಿ ಫೈಲ್‌ನಲ್ಲಿ (ಯಾವ ಬಣ್ಣದ ಸಂಖ್ಯೆ ಹೇಗೆ ಪ್ರಿಂಟ್ ಆಗಬೇಕು ಎಂದು ಹೇಳುವ ಫೈಲ್) ಆ ಸಂಖ್ಯೆಗೆ ಸ್ಕ್ರೀನಿಂಗ್ 30 ಕೊಡಿ, ಹ್ಯಾಚನ್ನು ಹಿಂದೆ ತಳ್ಳಿ. ಶಾಯಿ ತೆಳುವಾಗಿ ಬೀಳುತ್ತದೆ, ಮೇಲಿನ ಗೆರೆ ಚೂಪಾಗಿ ಉಳಿಯುತ್ತದೆ, ಪಿಡಿಎಫ್ ವೆಕ್ಟರ್ ಆಗಿಯೇ ಇರುತ್ತದೆ. ಬರೀ ನೆಲಕ್ಕೆ ಬಣ್ಣ ತುಂಬಬೇಕಾದ ಪ್ಲಾನ್‌ಗಳಿಗೆ ಇದೇ ಲೇಸು. ಎರಡು ವಲಯಗಳು ಒಂದರ ಮೇಲೊಂದು ಹಾಯುವುದನ್ನು ತೋರಿಸಬೇಕಾದಾಗ ಮಾತ್ರ ನಿಜವಾದ ಪಾರದರ್ಶಕತೆಗೆ ಬದಲಿ ಇಲ್ಲ.

## ಲಕ್ಷಣ: ಬಣ್ಣ ಅಂದುಕೊಂಡಂತೆ ಬರುತ್ತಿಲ್ಲ

ಪಾರದರ್ಶಕ ಬಣ್ಣ ಹಿನ್ನೆಲೆಯ ಜೊತೆ ಬೆರೆಯುತ್ತದೆ. ಹಳದಿ ಹ್ಯಾಚ್‌ಗೆ 70 ಕೊಟ್ಟರೆ ಕಪ್ಪು ಮಾಡೆಲ್ ಸ್ಪೇಸ್‌ನಲ್ಲಿ ಅದು ಕೆಸರು ಹಸಿರಿನಂತೆ ಕಾಣುತ್ತದೆ, ಬಿಳಿ ಹಾಳೆಯಲ್ಲಿ ತಿಳಿ ಕೆನೆಬಣ್ಣ. ಅಂಕಿ ನಿರ್ಧರಿಸುವಾಗ ಬಿಳಿ ಹಿನ್ನೆಲೆಯ ಲೇಔಟ್‌ನಲ್ಲಿ ನೋಡಿ.

ಒಂದೇ ಲೇಯರ್‌ನ ಹ್ಯಾಚ್ ಒಂದು ಕಡೆ ಮಾತ್ರ ದಟ್ಟವಾಗಿದ್ದರೆ ಅಲ್ಲಿ ಎರಡು ಹ್ಯಾಚ್ ಒಂದರ ಮೇಲೊಂದಿವೆ. 50ರ ಎರಡು ಹ್ಯಾಚ್ ಸೇರಿದ ಕಡೆ ಅಡಿಯದು ಕಾಲು ಭಾಗದಷ್ಟೇ ಕಾಣುತ್ತದೆ. ಆ ಜಾಗವನ್ನು ಕಿಟಕಿ ಎಳೆದು ಆರಿಸಿ, ಪ್ರಾಪರ್ಟೀಸ್‌ನ ಮೇಲ್ಸಾಲಿನ ಪಟ್ಟಿಯಲ್ಲಿ ಹ್ಯಾಚ್ ಎಷ್ಟಿವೆ ಎಣಿಸಿ, ಹೆಚ್ಚಿನದನ್ನು ಅಳಿಸಿ.

ಮಾನೋಕ್ರೋಮ್ ಸಿಟಿಬಿಯಲ್ಲಿ ಸೂಚ್ಯಂಕದ (1ರಿಂದ 255ರ) ಎಲ್ಲ ಬಣ್ಣವೂ ಕಪ್ಪೇ. ಹಾಗಾಗಿ 70ರ ಕೆಂಪು, 70ರ ನೀಲಿ ಎರಡೂ ಒಂದೇ ಬೂದು. ಬೇರೆ ಮಾಡಿ ತೋರಿಸಬೇಕಾದರೆ ಅಂಕಿಯನ್ನೇ ಬೇರೆ ಕೊಡಿ. ಕಪ್ಪು-ಬಿಳುಪಿನ ಹಾಳೆಯಲ್ಲಿ ಒಂದು ಹ್ಯಾಚ್ ಮಾತ್ರ ಬಣ್ಣದಲ್ಲಿ ಬಂದರೆ ಅದಕ್ಕೆ ಟ್ರೂ ಕಲರ್ (ಆ ಸಂಖ್ಯೆಗಳ ಹೊರಗಿನ ಬಣ್ಣ) ಕೊಟ್ಟಿದ್ದಾರೆ. ಸಿಟಿಬಿ ಅದನ್ನು ಮುಟ್ಟುವುದಿಲ್ಲ.

## ಲಕ್ಷಣ: ಅಟ್ಯಾಚ್ ಮಾಡಿದ ಚಿತ್ರದ ಬಿಳಿ ಹಿನ್ನೆಲೆ ಡ್ರಾಯಿಂಗ್ ಮುಚ್ಚುತ್ತದೆ

ಮೇಲೆ ಹೇಳಿದ 'ಟ್ರಾನ್ಸ್‌ಪರೆನ್ಸಿ' ಕಮಾಂಡ್ ಬೇಕಾಗುವುದು ಇಲ್ಲೇ. ಅದು ಕೆಲಸ ಮಾಡಲು ಚಿತ್ರ ಬರೀ ಕಪ್ಪು-ಬಿಳುಪಿನ ಒಂದು ಬಿಟ್‌ನದ್ದಾಗಿರಬೇಕು, ಇಲ್ಲವೇ ಚಿತ್ರದಲ್ಲೇ ಪಾರದರ್ಶಕ ಚುಕ್ಕೆಗಳಿರಬೇಕು. ಮಾಮೂಲು ಜೆಪೆಗ್‌ನ ಬಿಳುಪನ್ನು ಇದು ತೆಗೆಯದು. ಚಿತ್ರವನ್ನು ಡ್ರಾ ಆರ್ಡರ್‌ನಲ್ಲಿ ಹಿಂದೆ ಕಳಿಸಿ, ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ.

## ಲಕ್ಷಣ: ಸ್ಕ್ರೀನ್ ಮಿಣುಕುತ್ತದೆ, ಪ್ಯಾನ್ ಮಾಡಿದರೆ ಎಳೆಯುತ್ತದೆ

ಟ್ರಾನ್ಸ್‌ಪರೆನ್ಸಿಡಿಸ್ಪ್ಲೇ 0 ಮಾಡಿ. ತೊಂದರೆ ನಿಂತರೆ ಭಾರ ಪಾರದರ್ಶಕತೆಯದ್ದೇ; ಡ್ರಾಯಿಂಗ್ ಎಳೆಯುವಾಗ ಆಫ್ ಇಟ್ಟು, ಪರಿಶೀಲಿಸುವಾಗ ಆನ್ ಮಾಡಿ. ನಿಲ್ಲದಿದ್ದರೆ 'ಗ್ರಾಫಿಕ್ಸ್‌ಕಾನ್ಫಿಗ್'ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿ ನೋಡಿ. ಆಗ ಸರಿಯಾದರೆ ಡ್ರೈವರ್ ಮೇಲೆ ಅನುಮಾನ. ಗ್ರಾಫಿಕ್ಸ್ ಕಾರ್ಡ್ ತಯಾರಕರ ತಾಣದಿಂದಲೇ ಹೊಸ ಡ್ರೈವರ್ ಹಾಕಿ, ಅದಕ್ಕೂ ಮೊದಲು ತೆರೆದಿರುವ ಫೈಲ್‌ಗಳನ್ನು ಉಳಿಸಿ ಮುಚ್ಚಿ.

## ಎಲ್ಲಿ ನಿಲ್ಲಿಸಬೇಕು

ಒಂದು ಫೈಲ್‌ನಲ್ಲಿ ಮಾತ್ರ ತೊಂದರೆ, ಮೇಲಿನ ಯಾವುದೂ ಫಲಿಸಲಿಲ್ಲ ಎಂದರೆ 'ಆಡಿಟ್' ಕೊಟ್ಟು ದೋಷಗಳನ್ನು ಸರಿಪಡಿಸಲು ಹೌದು ಎನ್ನಿ. ಆಮೇಲೂ ಹಾಗೇ ಇದ್ದರೆ ಫೈಲ್ ಮುಚ್ಚಿ, 'ರಿಕವರ್' ಮೂಲಕ ಅದರ ಒಂದು ಪ್ರತಿಯನ್ನು ತೆರೆಯಿರಿ. ಅಲ್ಲಿಗೂ ಬಗೆಹರಿಯದಿದ್ದರೆ ಸಿಕ್ಕ ಸಿಕ್ಕ ಬೆಲೆ ಬದಲಿಸುವುದನ್ನು ನಿಲ್ಲಿಸಿ. ಆಡಿಟ್‌ನಲ್ಲಿ ಪ್ರತಿ ಸಲ ಹೊಸ ದೋಷಗಳು ಬರುತ್ತಿದ್ದರೆ, ಫೈಲ್ ತೆರೆದಾಗಲೇ ಪ್ರೋಗ್ರಾಂ ಬಿದ್ದರೆ, ಬೇರೆ ಪ್ರೋಗ್ರಾಂಗಳಲ್ಲೂ ಸ್ಕ್ರೀನ್ ಕೆಟ್ಟು ಕಾಣುತ್ತಿದ್ದರೆ ಕ್ಯಾಡ್ ನಿರ್ವಾಹಕರಿಗೋ ಕಂಪ್ಯೂಟರ್ ನೋಡಿಕೊಳ್ಳುವವರಿಗೋ ಒಪ್ಪಿಸಿ. ಕೊಡುವಾಗ 'ಇಟ್ರಾನ್ಸ್‌ಮಿಟ್' ಬಳಸಿದರೆ ಎಕ್ಸ್‌ರೆಫ್ ಮತ್ತು ಸಿಟಿಬಿ ಜೊತೆಗೇ ಹೋಗುತ್ತವೆ. ಆವೃತ್ತಿ ಯಾವುದು, ಖಾಲಿ ಫೈಲ್ ಪರೀಕ್ಷೆಯಲ್ಲಿ ಏನಾಯಿತು, ದೋಷ ಸ್ಕ್ರೀನ್‌ನಲ್ಲೋ ಪ್ರಿಂಟ್‌ನಲ್ಲೋ, ಪ್ಲಾಟ್‌ಟ್ರಾನ್ಸ್‌ಪರೆನ್ಸಿಓವರ್‌ರೈಡ್ ಬೆಲೆ ಎಷ್ಟು ಎಂಬ ನಾಲ್ಕು ಸಾಲನ್ನು ಜೊತೆಗೆ ಬರೆದುಕೊಡಿ.